ಯಾವ ಕೌಂಟರಿಗೆ ಹೋಗಬೇಕು?



ನಾನು ವೈದ್ಯನಲ್ಲ, ಸಮಾಜಸೇವಕನೂ ಅಲ್ಲ. ಎಸ್.ಎಸ್.ಎಲ್.ಸಿ. ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಮೂವತ್ತೆಂಟು ವರ್ಷ ಕೌಂಟರಿನ ಹಿಂದೆ ಕುಳಿತು ನಿವೃತ್ತನಾದೆ. ಊರು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಗ್ರಾಮ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ನಮ್ಮ ಕಡೆಯವರಿಗೆ ಇದು ಹೊಸತಲ್ಲ.

ಬ್ಯಾಂಕಿನಲ್ಲಿ ನನ್ನ ಮುಖ್ಯ ಕೆಲಸ ಏನೆಂದು ಯಾರಾದರೂ ಕೇಳಿದರೆ, ದಾರಿ ತೋರಿಸುವುದು ಎನ್ನಬೇಕು. "ಪಾಸ್‌ಬುಕ್ಕು ಅಲ್ಲಿ ಕೊಡಿ, ಸಾಲದ ವಿಷಯ ಒಳಗೆ ಕೇಳಿ, ನಿಮ್ಮದು ಎರಡನೇ ಕೌಂಟರ್" ಎಂದು ದಿನಕ್ಕೆ ನೂರು ಸಲ ಹೇಳಿದವನು ನಾನು. ಅಂಥವನಿಗೆ ಸ್ವಂತ ಮನೆಯಲ್ಲಿ ಕಷ್ಟ ಬಂದಾಗ ಯಾವ ಕೌಂಟರಿಗೆ ಹೋಗಬೇಕೆಂದು ನಾಲ್ಕು ತಿಂಗಳು ಗೊತ್ತಾಗಲಿಲ್ಲ. ಆ ನಾಲ್ಕು ತಿಂಗಳ ಕಥೆಯನ್ನೂ, ಅದರಿಂದ ಕಲಿತ ಪಾಠವನ್ನೂ ಹೇಳಲು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ.

2021ರ ಮಳೆಗಾಲ. ಒಂದು ಬೆಳಿಗ್ಗೆ ನನ್ನ ಪತ್ನಿ ಹಟ್ಟಿಯಿಂದ ಬರುವಾಗ ಜಗಲಿಯ ಮೆಟ್ಟಿಲಲ್ಲಿ ಕುಸಿದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಪಕ್ಷವಾತ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ದೂರವಾದರೂ ಅದು ನಮಗೆ ನೆರೆಮನೆಯಿದ್ದ ಹಾಗೆ. 1956ರ ತನಕ ಒಂದೇ ಜಿಲ್ಲೆಯಲ್ಲಿದ್ದವರು ನಾವು. ಭಾಷೆ ಒಂದೇ, ನೆಂಟರೂ ಅಲ್ಲಿಯೇ. ಕರೆದುಕೊಂಡು ಹೋದೆವು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದಳು. ಜೀವ ಉಳಿಯಿತು. ಮೂತ್ರಕ್ಕೆ ಟ್ಯೂಬು ಹಾಕಿ, ಮದ್ದಿನ ಚೀಟಿ ಕೊಟ್ಟು ಮನೆಗೆ ಕಳುಹಿಸಿದರು.

ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದು ಆ ಚೀಟಿಯಲ್ಲಿ ಇರಲಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಮಗಳು ಗಂಡನ ಮನೆಯಲ್ಲಿ. ಇದ್ದವನು ನಾನೊಬ್ಬ. ಟ್ಯೂಬು ಬದಲಿಸಲು ಪ್ರತಿ ಸಲವೂ ಬಾಡಿಗೆ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತಿದ್ದೆವು. ಮೂರನೇ ತಿಂಗಳಲ್ಲಿ ಅವಳ ಸೊಂಟದ ಹಿಂದೆ ಚರ್ಮ ಕೆಂಪಾಯಿತು. ನಾನು ಪೌಡರು ಹಾಕಿದೆ. ಮತ್ತೆ ಅಲ್ಲಿ ಹುಣ್ಣಾಯಿತು. ಎಣ್ಣೆ ಹಚ್ಚಿದೆ. ಹುಣ್ಣು ಆಳವಾಯಿತು. ಒಂದೇ ಮಗ್ಗುಲಲ್ಲಿ ಹೆಚ್ಚು ಹೊತ್ತು ಮಲಗಿಸಿದರೆ ಒತ್ತಡ ಬಿದ್ದ ಕಡೆ ರಕ್ತ ಓಡದೆ ಮಾಂಸ ಸಾಯುತ್ತದೆ ಎಂಬ ಸಾಮಾನ್ಯ ಸಂಗತಿ ನನಗೆ ಗೊತ್ತಿರಲಿಲ್ಲ.

ಒಂದು ದಿನ ನೆರೆಮನೆಯ ಮಗುವಿನ ಪೋಲಿಯೋ ಹನಿಯ ವಿಷಯ ಹೇಳಲು ಅಂಗನವಾಡಿ ಟೀಚರು ಬಂದಿದ್ದರು. ನಮ್ಮ ಜಗಲಿಗೂ ಬಂದರು. ಒಳಗಿನ ವಾಸನೆ ಅವರಿಗೆ ಬಡಿದಿರಬೇಕು. "ಅಣ್ಣ, ಅಕ್ಕನ ಹೆಸರನ್ನು ಪಾಲಿಯೇಟಿವಿನಲ್ಲಿ ಬರೆಸಲಿಲ್ಲವಾ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. "ಅದು ಕ್ಯಾನ್ಸರಾಗಿ ಸಾಯುವವರಿಗಲ್ಲವಾ? ಇವಳಿಗೆ ಅಂಥಾದ್ದೇನಿಲ್ಲ" ಎಂದೆ. ಅವರು ಸಮಾಧಾನದಿಂದ, "ಹಾಗಲ್ಲ ಅಣ್ಣ, ಹಾಸಿಗೆ ಹಿಡಿದವರಿಗೆಲ್ಲ ಉಂಟು. ನಾಳೆ ಆಶಾ ಅಕ್ಕನನ್ನು ಕಳಿಸುತ್ತೇನೆ" ಎಂದರು.

ಮರುದಿನ ಆಶಾ ಕಾರ್ಯಕರ್ತೆ ಬಂದು ವಿವರ ಬರೆದುಕೊಂಡು ಹೋದರು. ಅದೇ ವಾರ ಪಂಚಾಯತಿನ ಪಾಲಿಯೇಟಿವ್ ವಾಹನ ನಮ್ಮ ಮನೆಯ ಮುಂದೆ ನಿಂತಿತು. ನರ್ಸು ಇಳಿದು ಬಂದು, ಕೈತೊಳೆದು, ಹುಣ್ಣು ಶುದ್ಧ ಮಾಡಿ ಕಟ್ಟಿದರು. ಟ್ಯೂಬು ಬದಲಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಒಬ್ಬನೇ ಇದ್ದರೆ ಬೆಡ್‌ಶೀಟು ಎಳೆದು ಹೇಗೆ ಹೊರಳಿಸಬೇಕು, ಗಂಜಿ ಕೊಡುವಾಗ ತಲೆಯ ಭಾಗ ಎತ್ತರಿಸಿ ಕೂರಿಸದಿದ್ದರೆ ಅದು ಶ್ವಾಸಕೋಶಕ್ಕೆ ಹೇಗೆ ಇಳಿಯುತ್ತದೆ, ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಿಸಿ ಕಲಿಸಿದರು. ನೀರು ತುಂಬುವ ಹಾಸಿಗೆಯೊಂದನ್ನು ಎರವಲಾಗಿ ಕೊಡಿಸಿದರು. ಹೊರಡುವಾಗ ನಾನು ಪರ್ಸು ತೆಗೆದೆ. ಅವರು ಕೈ ಅಡ್ಡ ಹಿಡಿದು, "ಇದು ನಿಮ್ಮದೇ ಪಂಚಾಯತಿನ ದುಡ್ಡು ಸಾರ್" ಎಂದರು.

ಬಾಂಧವರೇ, ಆ ವಾಹನ ಎಷ್ಟೋ ವರ್ಷಗಳಿಂದ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಹೋಗುತ್ತಿತ್ತು. ನಾನು ಅದನ್ನು ನೋಡಿದ್ದೆ. ಅದು ನಮಗೂ ಬರುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ.

ಈ ವ್ಯವಸ್ಥೆ ಹೇಗೆ ಬಂತೆಂದು ಮತ್ತೆ ವಿಚಾರಿಸಿ ತಿಳಿದುಕೊಂಡೆ. 1993ರಲ್ಲಿ ಕೋಝಿಕ್ಕೋಡಿನ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಸೇರಿ ನೋವು ಶಮನದ ಒಂದು ಸೊಸೈಟಿ ಆರಂಭಿಸಿದರು. ಮುಂದೆ ಮಲಪ್ಪುರದ ಕಡೆ ಊರವರೇ ಸೇರಿ ರೋಗಿಯ ಮನೆಗೆ ಹೋಗುವ ಪದ್ಧತಿ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ಪ್ರಕಟಿಸಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ಇದು. ಪಂಚಾಯತಿನ ಯೋಜನಾ ಹಣದಿಂದ ನರ್ಸು ಮನೆಗೆ ಬರುತ್ತಾರೆ. ಅವರಿಂದ ಆಗದ್ದಕ್ಕೆ ಸಮುದಾಯ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ, ಅದಕ್ಕೂ ಮೇಲಿನದಕ್ಕೆ ದೊಡ್ಡ ಆಸ್ಪತ್ರೆ. ಪಕ್ಷವಾತ, ಬೆನ್ನುಹುರಿಯ ಪೆಟ್ಟು, ಮೂತ್ರಪಿಂಡದ ಕಾಯಿಲೆ, ಮರೆಗುಳಿ ರೋಗ, ವೃದ್ಧಾಪ್ಯದಿಂದ ಹಾಸಿಗೆ ಹಿಡಿದವರು, ಎಲ್ಲರೂ ಇದರಲ್ಲಿ ಬರುತ್ತಾರೆ. ಬೇರೆ ಚಿಕಿತ್ಸೆ ಬಿಡಬೇಕೆಂದೂ ಇಲ್ಲ. ಮಂಗಳೂರಿನ ಡಾಕ್ಟರರ ಮದ್ದು ಮುಂದುವರಿಸುತ್ತಲೇ ಪಂಚಾಯತಿನ ನರ್ಸಿನ ಸಹಾಯ ಪಡೆಯಬಹುದು.

ಹಾಗಾದರೆ ನಾನು ನಾಲ್ಕು ತಿಂಗಳು ಏಕೆ ಹೋಗಲಿಲ್ಲ? ಮೂರು ಕಾರಣ ಸಿಗುತ್ತದೆ. ನಿಮ್ಮ ಮನೆಯಲ್ಲೂ ಇವು ಇರಬಹುದು, ನೋಡಿಕೊಳ್ಳಿ.

ಮೊದಲನೆಯದು, ನಮ್ಮ ಕಣ್ಣೆಲ್ಲ ಮಂಗಳೂರಿನ ಮೇಲೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಗ ಚಿಕಿತ್ಸೆಗೆ ಆಚೆ ದಾಟಲಾರದೆ ಮಂಜೇಶ್ವರ ಭಾಗದಲ್ಲಿ ಜನ ಪ್ರಾಣ ಕಳಕೊಂಡರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಅಂಥಾದ್ದು ಕಂಡ ಮೇಲೂ ನಮ್ಮ ಗ್ರಾಮದ ಆರೋಗ್ಯ ಕೇಂದ್ರದಲ್ಲಿ ಏನಿದೆ ಎಂದು ನಾನು ಹೋಗಿ ನೋಡಿರಲಿಲ್ಲ. ಮಂಗಳೂರು ಬೇಡವೆಂದು ನಾನು ಹೇಳುವುದಿಲ್ಲ, ಅವಳ ಜೀವ ಉಳಿಸಿದ್ದೇ ಅಲ್ಲಿ. ಆದರೆ ಆಪರೇಷನಿಗೆ ಮಂಗಳೂರು ಇದ್ದರೂ ದಿನಾ ಹುಣ್ಣು ತೊಳೆಯಲು ಮಂಗಳೂರು ಆಗುವುದಿಲ್ಲ.

ಎರಡನೆಯದು ಮರ್ಯಾದೆಯ ಪ್ರಶ್ನೆ. ಪೆನ್ಷನ್ ಬರುವವನು, ಮೇಲಿನ ರೇಷನ್ ಕಾರ್ಡಿನವನು, ಪಂಚಾಯತಿನ ಧರ್ಮಾರ್ಥಕ್ಕೆ ಕೈಯೊಡ್ಡುವುದೇ ಎಂಬ ಭಾವನೆ. ನರ್ಸಿನ ಸೇವೆಗೆ ರೇಷನ್ ಕಾರ್ಡಿನ ಬಣ್ಣ ನೋಡುವುದಿಲ್ಲ. ಕೆಲವು ಧನಸಹಾಯಗಳಿಗೆ ಆದಾಯದ ಮಿತಿ ಇರುತ್ತದೆ, ಅದು ಬೇರೆ ವಿಷಯ.

ಮೂರನೆಯದು ಭಾಷೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ಯಾಂಕಿನ ಮಲಯಾಳ ನನಗೆ ಬರುತ್ತಿತ್ತು. ಕಾಯಿಲೆಯ ಮಲಯಾಳ ಬರುತ್ತಿರಲಿಲ್ಲ. ನರ್ಸು ತೆಂಕಣ ಕಡೆಯವರು. ನನ್ನ ಪತ್ನಿಗೆ ಪಕ್ಷವಾತದ ನಂತರ ನಾಲ್ಕೇ ಮಾತು ಹೊರಡುತ್ತಿತ್ತು, ಅದೂ ಕನ್ನಡದಲ್ಲಿ. ಎರಡನೇ ಸಲ ನರ್ಸು ಬಂದಾಗ ಅವಳು "ಉರಿ, ಉರಿ" ಎಂದಳು. ನಾನು ಮಲಯಾಳದಲ್ಲಿ "ವೇದನ" ಎಂದುಬಿಟ್ಟೆ. ಅವರು ಹುಣ್ಣಿನ ನೋವೆಂದು ಮಾತ್ರೆ ತೆಗೆದರು. ಜೊತೆಗಿದ್ದ ಆಶಾ ಅಕ್ಕ ನಮ್ಮ ಊರಿನವರೇ. "ಅಲ್ಲ, ಅಕ್ಕ ಉರಿ ಎನ್ನುತ್ತಿದ್ದಾರೆ, ಕಿಬ್ಬೊಟ್ಟೆ ತೋರಿಸುತ್ತಿದ್ದಾರೆ" ಎಂದು ಸರಿಪಡಿಸಿದರು. ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಇತ್ತು. ನೋವು, ಉರಿ, ಸೆಳೆತ, ಜೋಮು, ಚುಚ್ಚುವುದು ಇವೆಲ್ಲ ಬೇರೆ ಬೇರೆ. ಇವನ್ನು ಹೇಳಲು ರೋಗಿಗೆ ಅವಳ ಭಾಷೆಯೇ ಬೇಕು. ಆದುದರಿಂದ ನರ್ಸು ಬರುವ ದಿನ ಎರಡೂ ಭಾಷೆ ಬಲ್ಲ ಒಬ್ಬರು ಜೊತೆಗಿರಲಿ. "ಕನ್ನಡ ಬಲ್ಲವರನ್ನು ಕರೆದುಕೊಂಡು ಬನ್ನಿ" ಎಂದು ಮುಂಚಿತವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಅರ್ಜಿಯ ವಿಷಯವೂ ಹಾಗೆಯೇ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಒಂದು ಹಕ್ಕಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು. ಗಡಿಯಾಚೆ ಬೇರೆ ರಾಜ್ಯಗಳಲ್ಲಿರುವ ಕನ್ನಡ ಕೇಳುಗರೂ ಗಮನಿಸಿ: ಕುಂದುಕೊರತೆ ನಿವಾರಣೆಗಾಗಿ ಕೊಡುವ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕಾನೂನು ಇದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ಗುಮಾಸ್ತನ ಉಪಾಯ ಹೇಳುತ್ತೇನೆ. ಅರ್ಜಿ ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ಯಾವ ಕೌಂಟರಿನಲ್ಲಿ ಏನು ಸಿಗುತ್ತದೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಬೇಕಾದರೆ ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ.

ಮೊದಲ ಕೌಂಟರು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ. ಅಂಗನವಾಡಿ ಯೋಜನೆ 1975ರಲ್ಲಿ, ಆಶಾ ಯೋಜನೆ 2005ರಲ್ಲಿ ಆರಂಭವಾದವು. ಎರಡೂ ದೇಶದಾದ್ಯಂತ ಇವೆ. ಅಕ್ಕಲಕೋಟೆಯಲ್ಲಿದ್ದರೂ, ಮಡಕಶಿರದಲ್ಲಿದ್ದರೂ, ತಾಳವಾಡಿಯಲ್ಲಿದ್ದರೂ ನಿಮಗೊಂದು ಅಂಗನವಾಡಿ ಇದ್ದೇ ಇದೆ. ಅಂಗನವಾಡಿ ಎಂದರೆ ಮಕ್ಕಳಿಗೆ ಗಂಜಿ ಕೊಡುವ ಜಾಗ ಎಂದಷ್ಟೇ ತಿಳಿಯಬೇಡಿ. ಬಸುರಿ, ಬಾಣಂತಿ, ಹದಿಹರೆಯದ ಹುಡುಗಿಯರು ಎಲ್ಲರ ವಿವರ ಅಲ್ಲಿರುತ್ತದೆ. ಹಾಸಿಗೆ ಹಿಡಿದವರನ್ನು ಪೂರ್ಣ ಹೊತ್ತು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ 'ಆಶ್ವಾಸಕಿರಣಂ' ಎಂಬ ಯೋಜನೆ ಕೇರಳದಲ್ಲಿದೆ. ಅದರ ದಾರಿಯೂ ಅಂಗನವಾಡಿಯ ಮೂಲಕವೇ. ಹಣ ಬರುವುದು ತಡವಾಗುವುದುಂಟು. ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿಯೇ ಬರೆಯಿರಿ.

ಎರಡನೇ ಕೌಂಟರು ಕುಟುಂಬ ಆರೋಗ್ಯ ಕೇಂದ್ರ. 2017ರ 'ಆರ್ದ್ರಂ' ಯೋಜನೆಯಿಂದ ಹಳೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹೀಗೆ ಬದಲಾದವು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆ ಮತ್ತು ಮದ್ದು ಅಲ್ಲಿ ಸಿಗುತ್ತದೆ. ಉಬ್ಬಸದವರಿಗೆ 'ಶ್ವಾಸ್', ಮನಸ್ಸು ಕುಗ್ಗಿದವರಿಗೆ 'ಆಶ್ವಾಸಂ' ಎಂಬ ಕ್ಲಿನಿಕ್ಕುಗಳಿವೆ. ಪಾಲಿಯೇಟಿವ್ ನರ್ಸು ಇರುವುದೂ ಇಲ್ಲಿಯೇ. ಇದಕ್ಕಿಂತ ಹೆಚ್ಚಿನದಕ್ಕೆ ಮಂಗಲ್ಪಾಡಿಯಲ್ಲಿ ತಾಲೂಕು ಆಸ್ಪತ್ರೆ, ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ ಇವೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಲ್ಲಿ 2022ರಿಂದ ಹೊರರೋಗಿ ವಿಭಾಗ ನಡೆಯುತ್ತಿದೆ.

ಮೂರನೇ ಕೌಂಟರು ಕುಟುಂಬಶ್ರೀ. 1998ರಲ್ಲಿ ಆರಂಭವಾದ ಇದರ ನೆರೆಕೂಟ ನಿಮ್ಮ ಮನೆಯ ಹತ್ತಿರ ಇದ್ದೇ ಇರುತ್ತದೆ. ಸಾಲ, ಉಳಿತಾಯ ಮಾತ್ರವಲ್ಲ. ಮನೆಯಲ್ಲಿ ಹೊಡೆತ, ಬಡಿತ, ಕಿರುಕುಳ ಅನುಭವಿಸುವ ಹೆಂಗಸರಿಗೆ ಕುಟುಂಬಶ್ರೀಯ 'ಸ್ನೇಹಿತಾ' ಎಂಬ ಸಹಾಯ ಕೇಂದ್ರ ಜಿಲ್ಲೆಯಲ್ಲಿದೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಪಂಚಾಯತುಗಳು ನಡೆಸುವ 'ಬಡ್ಸ್' ಶಾಲೆಗಳಿವೆ. ಗೇರು ತೋಟಗಳಿಗೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಮ್ಮ ಜಿಲ್ಲೆಯಲ್ಲಿ ಈ ಶಾಲೆಗಳ ಬೆಲೆ ಎಷ್ಟೆಂದು ಎಣ್ಮಕಜೆ, ಬೆಳ್ಳೂರು ಕಡೆಯ ತಾಯಂದಿರನ್ನು ಕೇಳಿದರೆ ತಿಳಿಯುತ್ತದೆ. ಅಲ್ಲಿನ ಮನೆಗಳ ಸಂಕಟವನ್ನು ಮೊದಲಾಗಿ ಲೆಕ್ಕಹಾಕಿದವರೂ ದೊಡ್ಡ ಆಸ್ಪತ್ರೆಯವರಲ್ಲ. ಪಡ್ರೆಯ ವಾಣೀನಗರದಲ್ಲಿ ಸಣ್ಣ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು.

ನಾಲ್ಕನೇ ಕೌಂಟರು ನಾನು ಕುಳಿತಿದ್ದ ಕೌಂಟರೇ, ಬ್ಯಾಂಕು. ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಬುದ್ಧಿಮಾಂದ್ಯ ಮಗನ ಪೆನ್ಷನ್ ಹಣ ತೆಗೆಯಲು ಒಬ್ಬ ತಾಯಿ ಬರುತ್ತಿದ್ದರು. ಮಗನಿಗೆ ಹದಿನೆಂಟು ದಾಟಿದ ಮೇಲೆ, "ನಿಮ್ಮ ಸಹಿ ನಡೆಯುವುದಿಲ್ಲ, ಗಾರ್ಡಿಯನ್ ಸರ್ಟಿಫಿಕೇಟು ತನ್ನಿ" ಎಂದು ಕಳುಹಿಸಿದೆ. ಎಲ್ಲಿಂದ ತರಬೇಕೆಂದು ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ. ಅವರು ಮೂರು ಸಲ ಬಂದು ಮೂರು ಸಲ ಹಿಂದೆ ಹೋದರು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಕಲೆಕ್ಟರರ ಅಧ್ಯಕ್ಷತೆಯ ಒಂದು ಸ್ಥಳೀಯ ಸಮಿತಿ ಇರುತ್ತದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ ಇರುವ, ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸುವುದು ಆ ಸಮಿತಿ. ಅದರ ಪತ್ರವನ್ನು ಬ್ಯಾಂಕು ಒಪ್ಪುತ್ತದೆ. ಕೋರ್ಟಿಗೆ ಅಲೆಯಬೇಕಾಗಿಲ್ಲ. ಇಂಥ ಮಕ್ಕಳಿರುವವರು ಹದಿನೆಂಟು ತುಂಬುತ್ತಿದ್ದಂತೆಯೇ ಕಲೆಕ್ಟರೇಟಿನಲ್ಲಿ ವಿಚಾರಿಸಿ.

ಖಾತೆದಾರರು ಕಾಯಿಲೆಯಿಂದ ಸಹಿ ಹಾಕಲಾರದಿದ್ದರೆ ಹೆಬ್ಬೆಟ್ಟಿನಿಂದ ಹಣ ತೆಗೆಯಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಎಪ್ಪತ್ತು ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲೇ ಕೆಲವು ಸೇವೆ ಕೊಡಬೇಕೆಂದು 2017ರಲ್ಲಿ ರಿಸರ್ವ್ ಬ್ಯಾಂಕು ಸೂಚನೆ ಕೊಟ್ಟಿದೆ. ಪೆನ್ಷನಿನ ಜೀವಂತ ಪ್ರಮಾಣಪತ್ರಕ್ಕೆ ಅಂಚೆಯವರನ್ನು ಮನೆಗೆ ಕರೆಸಬಹುದು. ಸಾಮಾಜಿಕ ಭದ್ರತಾ ಪೆನ್ಷನಿನ ಮಸ್ಟರಿಂಗಿಗೂ ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಹೊತ್ತು ತರಬೇಡಿ, ಅಕ್ಷಯ ಕೇಂದ್ರದವರಿಗೆ ತಿಳಿಸಿದರೆ ಅವರೇ ಮನೆಗೆ ಬರುತ್ತಾರೆ.

ಐದನೆಯದು ದೂರವಾಣಿ. ಆಂಬುಲೆನ್ಸಿಗೆ 108. ಕೇರಳದಲ್ಲಿ ಆರೋಗ್ಯದ ಯಾವುದೇ ಮಾಹಿತಿಗೆ 'ದಿಶಾ' 1056. ಮನಸ್ಸಿನ ತೊಳಲಾಟಕ್ಕೆ 14416, ಇದು 2022ರಲ್ಲಿ ಆರಂಭವಾದ 'ಟೆಲಿ ಮಾನಸ್', ಇದರಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567. ಗೋಡೆಯ ಕ್ಯಾಲೆಂಡರಿನ ಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.

ಹೊಸೂರು ಕಡೆಯ ಕೇಳುಗರಿಗೆ ಒಂದು ಮಾತು. 2021ರ ಆಗಸ್ಟಿನಲ್ಲಿ ನಿಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ ತಮಿಳುನಾಡು ಸರಕಾರ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಆರಂಭಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮದ್ದನ್ನು ಮನೆಗೆ ತಂದುಕೊಡುವುದು, ಹಾಸಿಗೆ ಹಿಡಿದವರ ಆರೈಕೆ, ಫಿಸಿಯೋಥೆರಪಿ ಅದರಲ್ಲಿ ಸೇರಿವೆ. ರಾಜ್ಯ ಬದಲಾದಂತೆ ಹೆಸರು ಬದಲಾಗುತ್ತದೆ. ವಾರ್ಡಿನ ಆರೋಗ್ಯ ಕಾರ್ಯಕರ್ತೆಯಿಂದಲೇ ವಿಚಾರಣೆ ಶುರುಮಾಡಿದರೆ ಯಾವ ರಾಜ್ಯದಲ್ಲೂ ದಾರಿ ತಪ್ಪುವುದಿಲ್ಲ.

ಮನೆಯಲ್ಲಿ ಒಂದು ಫೈಲು ಇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ನಕಲು, ಈಗ ಕೊಡುತ್ತಿರುವ ಮದ್ದಿನ ಪಟ್ಟಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ. ವಿಮೆಯ ಕಾರ್ಡಿದ್ದರೆ, ಗಡಿಯಾಚೆಯ ಆಸ್ಪತ್ರೆಗೆ ಸೇರಿಸುವ ಮೊದಲೇ ಅಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿ. ಬಿಲ್ಲು ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಗ್ರಾಮಸಭೆಗೂ ಹೋಗಿ. ಪಾಲಿಯೇಟಿವಿಗೆ ಎಷ್ಟು ಹಣ, ತಿಂಗಳಿಗೆ ಎಷ್ಟು ದಿನ ವಾಹನ ಎಂದು ಕೇಳುವ ಜಾಗ ಅದು. ನಾವು ಅಲ್ಲಿ ಹೋಗಿ ಕೇಳದಿದ್ದರೆ ಕನ್ನಡದವರ ಮನೆಯಲ್ಲಿ ರೋಗಿಗಳೇ ಇಲ್ಲ ಎಂದು ಲೆಕ್ಕವಾಗುತ್ತದೆ.

ಕೊನೆಗೆ, ರೋಗಿಯನ್ನು ನೋಡಿಕೊಳ್ಳುವವರ ಬಗ್ಗೆ. ನರ್ಸು ಮೂರನೇ ಸಲ ಬಂದಾಗ ಪತ್ನಿಯ ರಕ್ತದೊತ್ತಡ ನೋಡಿ, ಪಟ್ಟಿಯನ್ನು ನನ್ನ ತೋಳಿಗೂ ಸುತ್ತಿದರು. ಮೇಲಿನದು 180 ದಾಟಿತ್ತು. ನಾಲ್ಕು ತಿಂಗಳಿಂದ ನಾನು ರಾತ್ರಿ ಸರಿಯಾಗಿ ಮಲಗಿರಲಿಲ್ಲ. "ನೀವು ಬಿದ್ದರೆ ಅಮ್ಮನಿಗೆ ಯಾರು ಸಾರ್?" ಎಂದು ಕೇಳಿದರು. ಅಂದಿನಿಂದ ನನಗೂ ಆರೋಗ್ಯ ಕೇಂದ್ರದಲ್ಲಿ ಒಂದು ಚೀಟಿಯಾಯಿತು. ನೆರೆಕೂಟದ ಇಬ್ಬರು ತಂಗಿಯರು ವಾರಕ್ಕೆ ಎರಡು ಮಧ್ಯಾಹ್ನ ಬಂದು ಪತ್ನಿಯ ಬಳಿ ಕುಳಿತುಕೊಳ್ಳತೊಡಗಿದರು. ಆ ಎರಡು ಗಂಟೆಯಲ್ಲಿ ನಾನು ಪೇಟೆಗೆ ಹೋಗಿ ಬಂದೆ, ಕೆಲವೊಮ್ಮೆ ಸುಮ್ಮನೆ ಮಲಗಿದೆ. ನಿಮ್ಮ ನೆರೆಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಹಣ್ಣು ಹಿಡಿದುಕೊಂಡು ಹೋಗಿ ಹತ್ತು ನಿಮಿಷ ಕೂರುವ ಬದಲು, "ನಾನು ಎರಡು ಗಂಟೆ ಇರುತ್ತೇನೆ, ನೀವು ಹೋಗಿ ಬನ್ನಿ" ಎಂದು ಹೇಳಿ ನೋಡಿ.

ಹುಣ್ಣು ಪೂರ್ತಿ ಮಾಗಲು ಮೂರು ತಿಂಗಳು ಹಿಡಿಯಿತು. ಮುಂದೆ ಅವಳನ್ನು ಗಾಲಿ ಕುರ್ಚಿಯಲ್ಲಿ ಜಗಲಿಗೆ ತರುವಂತಾಯಿತು. ಬಲಗೈ ಮರಳಿ ಬರಲಿಲ್ಲ. ಎರಡು ವರ್ಷ ಬದುಕಿದ್ದು, 2023ರ ಕೊನೆಯಲ್ಲಿ ತನ್ನ ಮನೆಯಲ್ಲೇ, ತನ್ನ ಮಂಚದಲ್ಲೇ ತೀರಿಕೊಂಡಳು. ಆ ಎರಡು ವರ್ಷದ ಬಗ್ಗೆ ನನಗೆ ದುಃಖವಿದೆ, ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಮೊದಲಿನ ನಾಲ್ಕು ತಿಂಗಳ ಬಗ್ಗೆ. ಆ ನೋವನ್ನು ಅವಳು ಅನುಭವಿಸಬೇಕಾದ ಅಗತ್ಯವೇ ಇರಲಿಲ್ಲ.

ನೀರಿನ ಹಾಸಿಗೆಯನ್ನು ತೊಳೆದು, ಒಣಗಿಸಿ, ಪಂಚಾಯತಿಗೆ ಹಿಂದೆ ಕೊಟ್ಟೆ. ಈಗ ಅದು ಬೇರೆ ಯಾರ ಮನೆಯಲ್ಲೋ ಇದೆ. ನಾನೂ ತಿಂಗಳಿಗೆ ಎರಡು ದಿನ ಆ ವಾಹನದಲ್ಲಿ ಹೋಗುತ್ತೇನೆ. ಮದ್ದಿನ ವಿಷಯ ನನಗೆ ತಿಳಿಯದು. ಕನ್ನಡದ ಮನೆಗಳಲ್ಲಿ ನರ್ಸಿಗೆ ಎರಡು ಮಾತು ತಿಳಿಸಿ ಹೇಳುತ್ತೇನೆ, ಅರ್ಜಿ ಬರೆದುಕೊಡುತ್ತೇನೆ.

ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ನಾಳೆ ಬೆಳಿಗ್ಗೆಯೇ ಕೇಳಿ ತಿಳಿದುಕೊಳ್ಳಿ. ಕಷ್ಟ ಬಂದ ಮೇಲೆ ಹುಡುಕುವುದು ಬೇಡ.